ಕಲ್ಲಿನ ಕೋಟೆ, ಕಾಗದದ ಕಾವಲು

ಮುಂಬಯಿಯಲ್ಲಿ ನೆಲೆಸಿದ ನಮಗೆಲ್ಲ ‘ಫೋರ್ಟ್’ ಎಂದರೆ ಆಫೀಸು, ಬ್ಯಾಂಕು, ಕೋರ್ಟು ಮತ್ತು ಮಧ್ಯಾಹ್ನದ ರೈಸ್‌ಪ್ಲೇಟು. ಅಲ್ಲಿ ಕೋಟೆಯನ್ನು ಹುಡುಕುವ ಮನುಷ್ಯನನ್ನು ನಾನಂತೂ ಕಂಡಿಲ್ಲ. ಚರ್ಚ್‌ಗೇಟಿನಲ್ಲಿ ಇಳಿದು ಗೇಟು ಎಲ್ಲಿದೆ ಎಂದು ಕೇಳುವವರೂ ಇಲ್ಲ. ಆ ಕೋಟೆಯ ಗೋಡೆಗಳನ್ನು 1860ರ ದಶಕದಲ್ಲೇ ಕೆಡವಿದರು. ಉಳಿದದ್ದು ಹೆಸರು ಮಾತ್ರ.

ಈ ಊರು ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋದದ್ದು 1668ರಲ್ಲಿ. ಪೋರ್ಚುಗೀಸ್ ರಾಜಕುಮಾರಿಯನ್ನು ಮದುವೆಯಾದ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಇದು ವರದಕ್ಷಿಣೆಯಾಗಿ ಬಂದಿತ್ತು. ಇಟ್ಟುಕೊಂಡರೆ ಖರ್ಚೇ ಹೆಚ್ಚೆಂದು ಕಂಡದ್ದರಿಂದ ಆತ ಆ ವರ್ಷದ ಮಾರ್ಚ್ 27ರಂದು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಇದನ್ನು ಕಂಪೆನಿಗೆ ಬರೆದುಕೊಟ್ಟ. ಇಂದಿನ ಮುಂಬಯಿಯಲ್ಲಿ ಬಾಡಿಗೆ ಕಟ್ಟುವ ಓದುಗರು ಇಲ್ಲಿ ಒಂದು ನಿಟ್ಟುಸಿರು ಬಿಡಬಹುದು! ಈ ಸಂಗತಿ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವುದೇ. ಆದರೆ ಅದೇ ವರ್ಷ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಅದೇ ದೊರೆಯ ಪ್ರಜೆಗಳು ಅವನ ಹೆಸರಿನಲ್ಲಿ ಇನ್ನೊಂದು ಬಂದರಿಗೆ ನುಗ್ಗಿದರು. ಅಲ್ಲಿ ಒಂದಲ್ಲ, ಮೂರು ಕೋಟೆಗಳಿದ್ದವು. ಬಂದರಿನ ಹೆಸರು ಪೋರ್ಟೊಬೆಲೊ. ನುಗ್ಗಿದವನ ಹೆಸರು ಹೆನ್ರಿ ಮಾರ್ಗನ್. ನಾನಿಂದು ನಿಮಗೆ ಹೇಳಹೊರಟಿರುವುದು ಆ ಕಥೆಯನ್ನು.

ಮೊದಲು ಆ ಊರಿನ ಪರಿಚಯವಾಗಲಿ. ಉತ್ತರ ಮತ್ತು ದಕ್ಷಿಣ ಅಮೆರಿಕಗಳನ್ನು ಜೋಡಿಸುವ ಸಣ್ಣ ನಡುವಿನಂಥ ನೆಲವೇ ಪನಾಮಾ. ಅದರ ಕೆರಿಬಿಯನ್ ದಂಡೆಯಲ್ಲಿ, ಮೂರು ಕಡೆ ಕಾಡುಬೆಟ್ಟಗಳಿರುವ ಒಂದು ಆಳವಾದ ಕೊಲ್ಲಿ. 1502ರಲ್ಲಿ ಇಲ್ಲಿಗೆ ಬಂದ ಕೊಲಂಬಸ್ ಅದರ ಚೆಲುವನ್ನು ಕಂಡು ‘ಸುಂದರ ಬಂದರು’ ಎಂದು ಹೆಸರಿಟ್ಟ. ಊರು ಕಟ್ಟಿದ್ದು 1597ರಲ್ಲಿ. ಇಂಗ್ಲಿಷರ ಪ್ರಸಿದ್ಧ ನಾವಿಕ ಫ್ರಾನ್ಸಿಸ್ ಡ್ರೇಕ್ ಅದಕ್ಕೆ ಒಂದು ವರ್ಷ ಮುಂಚೆ ಇದೇ ಕೊಲ್ಲಿಯ ಹತ್ತಿರ ಆಮಶಂಕೆಯಿಂದ ಸತ್ತಿದ್ದ. ಅವನ ದೇಹವನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು ಇಲ್ಲಿಯ ಸಮುದ್ರಕ್ಕೇ ಇಳಿಬಿಟ್ಟಿದ್ದರು. ಚೆಲುವೇನೋ ಇತ್ತು, ಆದರೆ ಹವೆ ಕೆಟ್ಟದ್ದು. ಮಳೆ, ಕೆಸರು, ಸೊಳ್ಳೆ, ಜ್ವರ. ಕೆಲಸವಿಲ್ಲದೆ ಯಾರೂ ಅಲ್ಲಿ ಒಂದು ದಿನ ಹೆಚ್ಚು ಉಳಿಯುತ್ತಿರಲಿಲ್ಲ.

ಹಾಗಾದರೆ ಅಲ್ಲಿ ಏನಿತ್ತು? ಬೆಳ್ಳಿ ಇತ್ತು. ಈಗಿನ ಬೊಲಿವಿಯಾ ದೇಶದ ಪೊಟೊಸಿ ಎಂಬ ಬೆಟ್ಟದಲ್ಲಿ ಅಗೆದ ಬೆಳ್ಳಿ ಲಾಮಾಗಳ ಮತ್ತು ಹೇಸರಗತ್ತೆಗಳ ಬೆನ್ನ ಮೇಲೆ ಪೆಸಿಫಿಕ್ ದಂಡೆಗೆ ಇಳಿಯುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಪನಾಮಾ ನಗರಕ್ಕೆ, ಮತ್ತೆ ಹೇಸರಗತ್ತೆಗಳ ಮೇಲೆ ಕಾಡುದಾರಿ ದಾಟಿ ಪೋರ್ಟೊಬೆಲೊಗೆ. ಸ್ಪೇನಿನಿಂದ ಹಡಗುಗಳ ತಂಡ ಬಂದು ಅದನ್ನು ತುಂಬಿಕೊಂಡು ಹೋಗುತ್ತಿತ್ತು. ಆಗ ಅಲ್ಲಿ ಜಾತ್ರೆ. 1637ರಲ್ಲಿ ಆ ಜಾತ್ರೆಯನ್ನು ಕಂಡ ಥಾಮಸ್ ಗೇಜ್ ಎಂಬ ಇಂಗ್ಲಿಷ್ ಪಾದ್ರಿ ತನ್ನ ಪ್ರವಾಸ ಕಥನದಲ್ಲಿ ಬರೆದಿರುವುದನ್ನು ಓದಬೇಕು. ಒಂದೇ ದಿನ ಬೆಳ್ಳಿಯನ್ನಷ್ಟೇ ಹೊತ್ತ 200 ಹೇಸರಗತ್ತೆಗಳನ್ನು ಆತ ಎಣಿಸಿದ. ಬೆಳ್ಳಿಯ ಗಟ್ಟಿಗಳನ್ನು ಪೇಟೆ ಬೀದಿಯಲ್ಲಿ ಕಲ್ಲುಗುಪ್ಪೆಯಂತೆ ಸುರಿದಿದ್ದರಂತೆ. ಹದಿನೈದು ದಿನಗಳ ಮಟ್ಟಿಗೆ ಒಂದು ಅಂಗಡಿಗೆ 1,000 ಕ್ರೌನ್ ಬಾಡಿಗೆ ಕೊಟ್ಟ ವ್ಯಾಪಾರಿಯ ಸುದ್ದಿಯೂ ಅವನ ಕಿವಿಗೆ ಬಿತ್ತು. ನೋಡಿ, ಒಂದು ಕಡೆ ಒಂದು ಊರಿಗೇ 10 ಪೌಂಡ್, ಇನ್ನೊಂದು ಕಡೆ ಒಂದು ಅಂಗಡಿಗೆ ಈ ದರ!

ಆ ಬೆಳ್ಳಿ ನಮಗೂ ತೀರ ಅಪರಿಚಿತವಲ್ಲ. ಸ್ಪೇನಿನ ನಾಣ್ಯವಾಗಿ ಯೂರೋಪನ್ನು ಸುತ್ತಿ, ವರ್ತಕರ ಹಡಗುಗಳಲ್ಲಿ ಪೂರ್ವಕ್ಕೆ ಬಂದು, ಅದರಲ್ಲಿ ಬಹುಪಾಲು ಸೂರತ್ತಿನಂಥ ಕಡೆಯ ಟಂಕಸಾಲೆಗಳಲ್ಲಿ ಕರಗಿ ಮೊಘಲರ ರೂಪಾಯಿಯಾಯಿತು. ನಮ್ಮ ಕನ್ನಡ ಕರಾವಳಿಯ ಕರಿಮೆಣಸಿಗೆ ವಿದೇಶೀ ವರ್ತಕರು ಸುರಿದ ಬೆಳ್ಳಿಯಲ್ಲೂ ಅದರ ಪಾಲಿತ್ತು.

ಇಷ್ಟು ಸಂಪತ್ತು ಹಾದುಹೋಗುವ ಬಾಗಿಲಿಗೆ ಬೀಗ ಬೇಡವೇ? ಸ್ಪೇನಿನ ದೊರೆ ಇಟಲಿಯ ಮೂಲದ ಎಂಜಿನಿಯರ್ ಆಂಟೊನೆಲ್ಲಿಯಿಂದ ನಕ್ಷೆ ತೆಗೆಸಿ ಕೋಟೆಗಳ ಕೆಲಸಕ್ಕೆ ಕೈಹಾಕಿದ. ಕೊಲ್ಲಿಯ ಬಾಯಿಯಲ್ಲಿ, ಉತ್ತರ ದಂಡೆಗೆ ಸಾನ್ ಫೆಲಿಪೆ. ಅದಕ್ಕೆ ‘ಪೂರಾ ಕಬ್ಬಿಣ’ ಎಂದೇ ಜನ ಹೆಸರಿಟ್ಟಿದ್ದರು. ಎದುರು ದಂಡೆಯಲ್ಲಿ, ಊರಿಗೆ ಹೊಂದಿಕೊಂಡು, ಸ್ಯಾಂಟಿಯಾಗೊ. ಒಳಗಡೆ ಹಡಗುಕಟ್ಟೆಯ ಹತ್ತಿರ ಇನ್ನೂ ಕಟ್ಟಿ ಮುಗಿಯದ ಸಾನ್ ಜೆರೊನಿಮೊ. ಒಳಬರುವ ಹಡಗು ಎರಡೂ ಕಡೆಯ ಫಿರಂಗಿಗಳ ನಡುವೆ ಸಿಕ್ಕಿ ನುಚ್ಚುನೂರಾಗಬೇಕು, ಅದು ಲೆಕ್ಕಾಚಾರ. ಲೆಕ್ಕ ತಪ್ಪಾಗಿರಲಿಲ್ಲ. ಮಾರ್ಗನ್ ಮಾತ್ರ ಹಡಗಿನಲ್ಲಿ ಬರಲಿಲ್ಲ.

ಮಾರ್ಗನ್ ವೇಲ್ಸ್ ಸೀಮೆಯವನು. ಆಗ ಅವನಿಗೆ ಮೂವತ್ತು ದಾಟಿ ಎರಡು ಮೂರು ವರ್ಷ. ಇಂಗ್ಲಿಷರು 1655ರಲ್ಲಿ ಸ್ಪೇನಿನಿಂದ ಕಿತ್ತುಕೊಂಡಿದ್ದ ಜಮೈಕಾ ದ್ವೀಪ ಅವನ ನೆಲೆ. ಅಲ್ಲಿಯ ಗವರ್ನರ್ ಥಾಮಸ್ ಮಾಡಿಫೋರ್ಡನಿಗೆ ಒಂದು ಪೇಚು. ದ್ವೀಪವನ್ನು ಕಾಯಲು ಲಂಡನ್ನಿನಿಂದ ನೌಕಾಪಡೆ ಬರುತ್ತಿರಲಿಲ್ಲ. ಆದರೆ ಪೋರ್ಟ್ ರಾಯಲ್ ಬಂದರಿನ ಹೆಂಡದಂಗಡಿಗಳ ತುಂಬ ಹಡಗು ಬಲ್ಲ, ಬಂದೂಕು ಬಲ್ಲ, ದುಡ್ಡಿಲ್ಲದ ಗಂಡಸರು ತುಂಬಿದ್ದರು. ಆತ ಅವರಿಗೆ ಪರವಾನಗಿ ಬರೆದುಕೊಟ್ಟ. ಈ ಪರವಾನಗಿ ಎಂಬ ವಸ್ತುವನ್ನು ನಾವು ಸರಿಯಾಗಿ ಗಮನಿಸಬೇಕು. ಅದಿಲ್ಲದೆ ಹಡಗನ್ನು ಹಿಡಿದರೆ ಕಡಲುಗಳ್ಳತನ, ನೇಣು. ಅದು ಜೇಬಿನಲ್ಲಿದ್ದರೆ ದೊರೆಯ ಸೇವೆ. ಅದೇ ಕತ್ತಿ, ಅದೇ ಕೈ, ಅದೇ ಹೆಣ.

ಮಾರ್ಗನ್ನನಿಗೆ ಸಿಕ್ಕ ಕಾಗದದಲ್ಲಿ ಇದ್ದುದು ಇಷ್ಟೇ: ಇಂಗ್ಲಿಷ್ ಹಡಗುಗಳನ್ನು ಒಟ್ಟುಗೂಡಿಸಿ, ಸ್ಪೇನಿನವರನ್ನು ಸೆರೆಹಿಡಿದು, ಅವರು ಜಮೈಕಾದ ಮೇಲೆ ಏರಿಬರುವ ಸನ್ನಾಹದಲ್ಲಿದ್ದಾರೆಯೇ ಎಂದು ತಿಳಿದುಬರಬೇಕು. ನೆಲದ ಮೇಲಿನ ಊರನ್ನು ದೋಚಬಹುದೆಂದು ಅದರಲ್ಲಿ ಇರಲಿಲ್ಲ. ಕಡಲಿನಲ್ಲಿ ಹಿಡಿದ ಹಡಗಾದರೆ ಕಾನೂನು ಪ್ರಕಾರ ದೊರೆಗೆ ಪಾಲು ಕೊಡಬೇಕು. ಊರಿನಲ್ಲಿ ದೋಚಿದ್ದಕ್ಕೆ ಅಂಥ ನಿಯಮವೇ ಇಲ್ಲ, ಏಕೆಂದರೆ ಅದಕ್ಕೆ ಅನುಮತಿಯೇ ಇಲ್ಲ. ವಕೀಲಿ ವೃತ್ತಿಯ ನಮ್ಮ ಓದುಗರು ಇದರ ಸೊಗಸನ್ನು ಮೆಚ್ಚಿಯಾರು.

ಮೊದಲು ಆತ ಕ್ಯೂಬಾದ ಒಳನಾಡಿನ ಪುಯೆರ್ಟೊ ಪ್ರಿನ್ಸಿಪೆ ಎಂಬ ಊರನ್ನು ದೋಚಿದ. ಸಿಕ್ಕಿದ್ದು 50,000 ಪೆಸೊ. ಎಲ್ಲರ ಸಾಲ ತೀರಿಸಲಿಕ್ಕೂ ಅದು ಸಾಲದು. ಜೊತೆಯಲ್ಲಿದ್ದ ಫ್ರೆಂಚರು ಜಗಳಾಡಿ ಹೊರಟುಹೋದರು. ಜಗಳ ಹುಟ್ಟಿದ್ದು ಮೂಳೆಯೊಳಗಿನ ಮಜ್ಜೆಗಾಗಿ! ಫ್ರೆಂಚನೊಬ್ಬ ಕೊಂದ ಎತ್ತಿನ ಮೂಳೆಗಳನ್ನು ಇಂಗ್ಲಿಷನೊಬ್ಬ ಎತ್ತಿಕೊಂಡು ಹೋದನಂತೆ, ಅದರಲ್ಲಿ ಒಂದು ಕೊಲೆಯೇ ಆಯಿತಂತೆ. ಹೀಗೆಂದು ಬರೆದವನು ಅಲೆಕ್ಸಾಂಡರ್ ಎಕ್ಸ್‌ಕೆಮೆಲಿನ್. ಕಡಲುಗಳ್ಳರ ಜೊತೆ ವರ್ಷಗಟ್ಟಲೆ ಇದ್ದು, ಆಮೇಲೆ 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಡಚ್ ಭಾಷೆಯಲ್ಲಿ ಅವರ ಕಥೆಯನ್ನು ಅಚ್ಚು ಹಾಕಿಸಿದವನು. ಕಡಲುಗಳ್ಳರ ಬಗ್ಗೆ ನೀವು ಓದಿದ, ಸಿನಿಮಾದಲ್ಲಿ ನೋಡಿದ ಎಷ್ಟೋ ಸಂಗತಿಗಳಿಗೆ ಅವನ ಪುಸ್ತಕವೇ ತಾಯಿಬೇರು. ಅವನನ್ನು ಪೂರ್ತಿ ನಂಬಲಾಗದು, ಪೂರ್ತಿ ಬಿಡಲೂ ಆಗದು.

ಉಳಿದವರು ಸುಮಾರು 460 ಮಂದಿ. ಮೂರು ಕೋಟೆಗಳ ಊರಿಗೆ ಇಷ್ಟು ಜನ ಸಾಕೇ ಎಂದು ಕೆಲವರು ಹಿಂಜರಿದಾಗ, ಜನ ಕಡಿಮೆಯಾದಷ್ಟೂ ತಲಾ ಪಾಲು ಹೆಚ್ಚಾಗುತ್ತದೆ ಎಂದು ಮಾರ್ಗನ್ ಸಮಾಧಾನ ಹೇಳಿದನಂತೆ. ಈ ಜನರಲ್ಲಿ ಇನ್ನೊಂದು ಪದ್ಧತಿ ಇತ್ತು. ಹೊರಡುವ ಮುನ್ನ ಒಂದು ಕರಾರುಪತ್ರ ಬರೆಯುತ್ತಿದ್ದರು. ಬಲಗೈ ಹೋದರೆ 600 ಪೆಸೊ, ಎಡಗೈಗೆ 500, ಬಲಗಾಲಿಗೆ 500, ಎಡಗಾಲಿಗೆ 400, ಕಣ್ಣಿಗೆ 100. ಬೆಳ್ಳಿಯ ಬದಲು ಗುಲಾಮರ ರೂಪದಲ್ಲೂ ಪಡೆಯಬಹುದು. ಲೂಟಿ ಹಂಚುವ ಮೊದಲು ಗಾಯಗೊಂಡವನ ಲೆಕ್ಕ ಚುಕ್ತಾ ಆಗಬೇಕು. ಕೊಲೆಗಡುಕರಲ್ಲಿ ಇಂಥ ವಿಮಾ ಯೋಜನೆ!

ಈಗ ಕೋಟೆಯೊಳಗಿನವರ ಸ್ಥಿತಿ ನೋಡಿ. ಪಟ್ಟಿಯ ಪ್ರಕಾರ ಸ್ಯಾಂಟಿಯಾಗೊ ಕೋಟೆಯಲ್ಲಿ 200 ಸೈನಿಕರಿರಬೇಕು, ಸಾನ್ ಫೆಲಿಪೆಯಲ್ಲಿ 100. ಆ ರಾತ್ರಿ ಇದ್ದವರು ಇದರ ಅರ್ಧವೂ ಅಲ್ಲ. ಸಂಬಳ ತಿಂಗಳುಗಟ್ಟಲೆ ಬಾಕಿ. ಹೊಟ್ಟೆಪಾಡಿಗೆ ಊರಿನಲ್ಲಿ ಬೇರೆ ಕಸುಬು ಹಿಡಿದು, ಅಲ್ಲೇ ಮಲಗುವ ಸೈನಿಕರನ್ನು ಯಾರೂ ಕೇಳುವಂತಿರಲಿಲ್ಲ. ಕೇಳಿದರೆ, ‘ಮೊದಲು ಸಂಬಳ ಕೊಡಿ’ ಎಂಬ ಉತ್ತರ ಸಿದ್ಧವಿತ್ತಲ್ಲ! ಮದ್ದು ಕಡಿಮೆ, ದಿನಸಿ ಕಡಿಮೆ. ಇಡೀ ಪ್ರಪಂಚಕ್ಕೆ ಬೆಳ್ಳಿ ಹಂಚುವ ಬಾಗಿಲಲ್ಲಿ ನಿಂತ ಕಾವಲುಗಾರನ ಕೈಗೆ ಬೆಳ್ಳಿ ಬರುತ್ತಿರಲಿಲ್ಲ. ಪನಾಮಾ ಪ್ರಾಂತ್ಯದ ಅಧ್ಯಕ್ಷನಾಗಿದ್ದ ಪೆರೆಜ್ ದೆ ಗುಸ್ಮಾನ್ ಎಂಬಾತ ಬೇರೆ ಪೆರುವಿನ ವೈಸರಾಯ್ ಜೊತೆಯ ವೈಮನಸ್ಸಿನಿಂದ ಲೀಮಾದಲ್ಲಿ ಸೆರೆಯಲ್ಲಿದ್ದ. ಆಗುಸ್ಟೀನ್ ದೆ ಬ್ರಾಕಾಮೊಂಟೆ ಎಂಬ ತರುಣ ಹಂಗಾಮಿಯಾಗಿ ಅಧಿಕಾರ ನಡೆಸುತ್ತಿದ್ದ.

ಮಾರ್ಗನ್ ತನ್ನ ಹಡಗುಗಳನ್ನು ಪಶ್ಚಿಮಕ್ಕೆ ಬಹುದೂರ, ಬೋಕಾಸ್ ಡೆಲ್ ಟೋರೊ ಎಂಬಲ್ಲಿ ಬಿಟ್ಟ. ಅಲ್ಲಿಂದ 23 ದೋಣಿಗಳಲ್ಲಿ ಹೊರಟರು. ಹಗಲು ದಂಡೆಯಲ್ಲಿ ಅಡಗಿ, ರಾತ್ರಿ ಹುಟ್ಟು ಹಾಕಿ, ಹೀಗೆ ನಾಲ್ಕು ರಾತ್ರಿ. ಕೋಟೆಯ ಮೇಲಿನಿಂದ ಹಡಗಿನ ಪಟ ಹುಡುಕುವ ಕಣ್ಣಿಗೆ ದೋಣಿ ಎಲ್ಲಿ ಬೀಳಬೇಕು? 1668ರ ಜುಲೈ 10ರ ನಡುರಾತ್ರಿ ಊರಿಗೆ ಸುಮಾರು ಮೂರು ಮೈಲಿ ದೂರದಲ್ಲಿ ನೆಲಕ್ಕಿಳಿದು ನಡೆಯತೊಡಗಿದರು. ದಾರಿಯಲ್ಲಿ ಒಂದು ಸಣ್ಣ ಕಾವಲು ಠಾಣೆ. ಶರಣಾಗಿರೆಂದು ಕೂಗಿದರೆ ಒಳಗಿದ್ದ ಬೆರಳೆಣಿಕೆಯ ಮಂದಿ ಗುಂಡು ಹಾರಿಸಿದರು. ಅವರ ಸಂಬಳವೂ ಬಾಕಿ ಇದ್ದಿರಬೇಕು. ಆದರೂ ಹಾರಿಸಿದರು. ಆ ಸದ್ದೇ ಊರಿಗೆ ಸಿಕ್ಕ ಒಂದೇ ಎಚ್ಚರಿಕೆ.

ಎಚ್ಚರವಾದರೂ ಹೊತ್ತು ಮೀರಿತ್ತು. ಬೆಳಕು ಹರಿಯುವ ಮೊದಲೇ 400ಕ್ಕೂ ಹೆಚ್ಚು ಜನ ಅರಚುತ್ತ, ಕಂಡಕಂಡಲ್ಲಿ ಗುಂಡು ಹಾರಿಸುತ್ತ ಬೀದಿಗಳಿಗೆ ನುಗ್ಗಿದರು. ಜನ ಹಾಸಿಗೆಯಿಂದ ಎದ್ದು ಉಟ್ಟಬಟ್ಟೆಯಲ್ಲೇ ಹೊರಬಂದರು. ಕೆಲವರು ಕಾಡಿಗೆ ಓಡಿದರು, ಕೆಲವರು ಒಡವೆಯನ್ನು ಬಾವಿಗೆ ಎಸೆದರು ಎಂದು ಎಕ್ಸ್‌ಕೆಮೆಲಿನ್ ಬರೆಯುತ್ತಾನೆ. ಸಿಕ್ಕವರನ್ನೆಲ್ಲ ಹೆಂಗಸರು, ಮಕ್ಕಳು, ಮುದುಕರೆನ್ನದೆ ಚರ್ಚಿಗೆ ತುಂಬಿ ಬಾಗಿಲು ಹಾಕಿದರು.

ಅರೆಬರೆ ಕಟ್ಟಿದ್ದ ಸಾನ್ ಜೆರೊನಿಮೊ ಬೇಗ ಶರಣಾಯಿತು. ಅದರ ನೆಲಮಾಳಿಗೆಯಲ್ಲಿ ಸರಪಳಿ ಬಿಗಿದ 11 ಇಂಗ್ಲಿಷ್ ಕೈದಿಗಳು ಸಿಕ್ಕರು. ಈ ಸಂಗತಿಯನ್ನು ಬಿಟ್ಟರೆ ಕಥೆ ಒಂದು ಕಣ್ಣಿನದಾಗುತ್ತದೆ. ಎರಡು ವರ್ಷ ಹಿಂದೆ ಪ್ರಾವಿಡೆನ್ಸ್ ದ್ವೀಪದಲ್ಲಿ ಇವರು ಸ್ಪೇನಿನವರಿಗೆ ಶರಣಾಗಿದ್ದರು. ಜಮೈಕಾಕ್ಕೆ ಕಳಿಸಿಕೊಡುತ್ತೇವೆಂಬ ಮಾತು ಸಿಕ್ಕಿತ್ತು. ಮಾತು ಮುರಿದು ಅವರನ್ನು ಇಲ್ಲಿಗೆ ತಂದು, ಬೆಳಗಿನ ಐದರಿಂದ ಸಂಜೆ ಏಳರವರೆಗೆ ನೀರಿನಲ್ಲಿ ನಿಲ್ಲಿಸಿ ಇದೇ ಕೋಟೆ ಕಟ್ಟುವ ಕೆಲಸಕ್ಕೆ ಹಚ್ಚಿದ್ದರು. ಹನ್ನೆರಡು ಅಡಿ ಉದ್ದ ಹತ್ತು ಅಡಿ ಅಗಲದ ಕೋಣೆಯಲ್ಲಿ ಒಮ್ಮೆ 33 ಜನರನ್ನು ಇಟ್ಟಿದ್ದರೆಂದು ಮಾರ್ಗನ್ನನ ವರದಿ ಹೇಳುತ್ತದೆ. ಆ 11 ಮಂದಿ ಹೊರಬಂದು ಸೂರ್ಯನನ್ನು ನೋಡಿದ ಬೆಳಗು ಅದು. ಅದೇ ಬೆಳಗು ಉಳಿದವರಿಗೆ ಏನಾಯಿತೆಂಬುದು ಮುಂದಿನ ಮಾತು.

ಸ್ಯಾಂಟಿಯಾಗೊ ಕೋಟೆ ಇನ್ನೂ ಬಗ್ಗಿರಲಿಲ್ಲ. ಬಾಗಿಲಿನತ್ತ ಹೋಗಬೇಕಾದರೆ ಬಯಲು ದಾಟಬೇಕು, ದಾಟಿದರೆ ಗುಂಡು. ಆಗ ಮಾರ್ಗನ್ ಚರ್ಚಿನಿಂದ ಊರಿನ ಮುಖ್ಯಾಧಿಕಾರಿ, ಪಾದ್ರಿಗಳು, ಸನ್ಯಾಸಿನಿಯರು, ಹೆಂಗಸರು, ವೃದ್ಧರು ಇವರಲ್ಲಿ ಕೆಲವರನ್ನು ಹೊರತೆಗೆಸಿ ತನ್ನವರ ಮುಂದೆ ಗೋಡೆಯಂತೆ ನಡೆಸಿದ. ಕೋಟೆಯೊಳಗಿನವರಿಗೆ ಆ ಮುಖಗಳೆಲ್ಲ ಪರಿಚಿತ. ತನಗೆ ದೀಕ್ಷೆ ಕೊಟ್ಟ ಗುರು, ತನ್ನ ಬೀದಿಯ ಅಜ್ಜಿ. ಗುಂಡು ಹಾರಿಸಬಾರದೆಂದು ಅವರು ಕೂಗಿಕೊಳ್ಳುತ್ತಿದ್ದರು. ಓದುಗರೇ, ಆ ಫಿರಂಗಿಯ ಹಿಂದೆ ಬತ್ತಿ ಹಿಡಿದು ನಿಂತವನ ಜಾಗದಲ್ಲಿ ಒಂದು ಕ್ಷಣ ನಿಮ್ಮನ್ನು ನಿಲ್ಲಿಸಿಕೊಂಡು ನೋಡಿ. ಒಂದು ಫಿರಂಗಿ ಹಾರಿತು. ಇಬ್ಬರು ಪಾದ್ರಿಗಳಿಗೆ ಮತ್ತು ಒಬ್ಬ ಇಂಗ್ಲಿಷನಿಗೆ ಪೆಟ್ಟಾಯಿತು. ಉಳಿದವರು ಬಾಗಿಲು ಮುಟ್ಟಿದರು. ಎಲ್ಲರ ಕಣ್ಣೂ ಅತ್ತಲೇ ಇದ್ದಾಗ ಇನ್ನೊಂದು ಪಕ್ಕದಿಂದ ಏಣಿ ಹಾಕಿ ಹತ್ತಿದ ತಂಡ ಒಳಕ್ಕೆ ಧುಮುಕಿತು. ಕೋಟೆಯಲ್ಲಿದ್ದ ಸುಮಾರು 80 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಲ್ಲೇ ಸತ್ತರು.

ಎಕ್ಸ್‌ಕೆಮೆಲಿನ್ನನ ಪುಸ್ತಕದಲ್ಲಿ ಇದು ಇನ್ನೂ ಘೋರವಾಗಿದೆ. ಪಾದ್ರಿಗಳ ಮತ್ತು ಸನ್ಯಾಸಿನಿಯರ ಹೆಗಲ ಮೇಲೇ ಏಣಿಗಳನ್ನು ಹೊರಿಸಿ ಗೋಡೆಗೆ ಒರಗಿಸಿದರು ಎನ್ನುತ್ತಾನೆ. ಮಾರ್ಗನ್ ತನ್ನ ವರದಿಯಲ್ಲಿ ಈ ವಿಷಯವನ್ನೇ ಎತ್ತುವುದಿಲ್ಲ. ಬದಲಾಗಿ, ಹೆಂಗಸರನ್ನು ತಾನು ಎಷ್ಟು ಗೌರವದಿಂದ ನಡೆಸಿಕೊಂಡೆನೆಂದರೆ ಬಿಟ್ಟುಕಳಿಸುತ್ತೇನೆಂದರೂ ಅವರು ಹೋಗಲೊಪ್ಪಲಿಲ್ಲ ಎಂದು ಬರೆದ! ಬಹಳ ಕಾಲ ಇದು ಒಬ್ಬನ ಮಾತಿಗೆ ಇನ್ನೊಬ್ಬನ ಮಾತು ಎಂಬಂತಿತ್ತು. ಆದರೆ ಸ್ಪೇನಿನ ಸೆವಿಲ್ಲಾ ನಗರದ ಇಂಡೀಸ್ ದಾಖಲೆ ಭಂಡಾರದಲ್ಲಿ ದಾಳಿಯ ನಂತರದ ವಿಚಾರಣೆಯ ಸಾಕ್ಷಿ ಹೇಳಿಕೆಗಳಿವೆ. ಏಣಿ ಹೊರಿಸಿದ ಮಾತು ಹೇಗೂ ಇರಲಿ, ಸೆರೆಯಾಳುಗಳನ್ನು ಮುಂದೆ ನಡೆಸಿದ್ದು ನಿಜ ಎಂಬುದು ಅಲ್ಲಿಂದ ತಿಳಿಯುತ್ತದೆ. ಹೆಂಗಸರಿಗೆ ಸಿಕ್ಕ ‘ಗೌರವ’ದ ಬಗ್ಗೆ ಇಂಗ್ಲಿಷನೇ ಆದ ಜಾನ್ ಸ್ಟೈಲ್ ಎಂಬವನು 1670ರಲ್ಲಿ ಜಮೈಕಾದಿಂದ ಲಂಡನ್ನಿಗೆ ಬರೆದ ಪತ್ರವೂ ಉಳಿದಿದೆ. ಪೋರ್ಟೊಬೆಲೊದಲ್ಲಿ ಹಣ ಎಲ್ಲಿದೆಯೆಂದು ಬಾಯಿಬಿಡಿಸಲು ಒಬ್ಬ ಹೆಂಗಸನ್ನು ಕಾದ ಒಲೆಗಲ್ಲಿನ ಮೇಲೆ ಕೂರಿಸಿದ್ದನ್ನು ಆತ ಅದರಲ್ಲಿ ಬರೆದ. ಆಕೆಯ ಹತ್ತಿರ ಹಣವಿದೆ ಎಂಬುದು ಅವರ ಅನುಮಾನ, ಅಷ್ಟೆ.

ಮರುದಿನ ‘ಪೂರಾ ಕಬ್ಬಿಣ’ದ ಸಾನ್ ಫೆಲಿಪೆಯೂ ಕೈಬಿಟ್ಟಿತು. ಒಳಗೆ ತಿನ್ನಲು ಇರಲಿಲ್ಲ. ಕೊಲ್ಲಿಯ ಬಾಯಿ ತೆರೆದುಕೊಂಡಿತು, ಮಾರ್ಗನ್ನನ ಹಡಗುಗಳು ಕೋಟೆಗಳ ನಡುವೆ ಸಲೀಸಾಗಿ ಒಳಬಂದವು. ಅವನ ಕಡೆ ಸತ್ತವರು 18, ಗಾಯಗೊಂಡವರು 32.

ಇಷ್ಟೆಲ್ಲ ಆದಮೇಲೆ ಒಂದು ಮುಖ್ಯ ಸಂಗತಿ: ಊರಿನಲ್ಲಿ ಆಗ ಬೆಳ್ಳಿಯೇ ಇರಲಿಲ್ಲ! ಜಾತ್ರೆ ಇದ್ದಾಗ ಮಾತ್ರ ಬೆಳ್ಳಿ. ಜಾತ್ರೆ ಇದ್ದಾಗ ಸ್ಪೇನಿನ ಸಶಸ್ತ್ರ ಹಡಗುಗಳೂ ಇರುತ್ತವೆ. ಖಾಲಿ ಊರಿನಲ್ಲಿ ಮಾರಲು ಉಳಿದ ವಸ್ತು ಎಂದರೆ ಊರೇ. ಆದ್ದರಿಂದ ಆತ ಪನಾಮಾಕ್ಕೆ ಪತ್ರ ಬರೆದ. 3,50,000 ಪೆಸೊ ಕೊಡಿ, ಇಲ್ಲವಾದರೆ ಊರನ್ನೂ ಕೋಟೆಗಳನ್ನೂ ಸುಡುತ್ತೇನೆ.

ತರುಣ ಬ್ರಾಕಾಮೊಂಟೆ ಸುದ್ದಿ ಬಂದ ಕೂಡಲೇ ಸುಮಾರು 800 ಜನರನ್ನು ಕೂಡಿಸಿಕೊಂಡು ಹೊರಟಿದ್ದ. ಮಳೆಗಾಲ. ಹೇಸರಗತ್ತೆಗಳೇ ಕಾಲು ಜಾರುವ ಆ ಕಾಡುದಾರಿಯಲ್ಲಿ ಸಾಕಷ್ಟು ಆಹಾರವಿಲ್ಲದೆ, ಮದ್ದು ನೆನೆದು, ಊರಿನ ಹತ್ತಿರ ಬರುವ ಹೊತ್ತಿಗೆ ಅವರು ಅರ್ಧ ಸೋತಿದ್ದರು. ಮಾರ್ಗನ್ ತನ್ನ ವರದಿಯಲ್ಲಿ ಇವರನ್ನು 3,000 ಮಾಡಿದ್ದಾನೆ. ಸೋಲಿಸಿದ ಶತ್ರು ದೊಡ್ಡವನಾದಷ್ಟೂ ಕೀರ್ತಿ ದೊಡ್ಡದಲ್ಲವೇ! ಬ್ರಾಕಾಮೊಂಟೆ ಮೊದಲು ಬರೆದ ಉತ್ತರದ ಸಾರ, ಸ್ಪೇನ್ ದೊರೆಯ ಸೇವಕ ಕೀಳು ಜನರೊಡನೆ ಒಪ್ಪಂದ ಮಾಡಿಕೊಳ್ಳುವುದಿಲ್ಲ ಎಂದು. ಕೇಳಲು ಚೆನ್ನಾಗಿದೆ. ಆದರೆ ಮೂರು ಕೋಟೆಗಳ ಫಿರಂಗಿಗಳು ಈಗ ಅವನತ್ತ ತಿರುಗಿದ್ದವು. ಕಟ್ಟಿಸಿದವನ ಕೋಟೆ ಕಟ್ಟಿಸಿದವನನ್ನೇ ಹೊರಗಿಟ್ಟಿತು. ಸೈನಿಕರಲ್ಲಿ ಜ್ವರ ಹಬ್ಬುತ್ತಿತ್ತು. ಒಳಗೆ ಮಾರ್ಗನ್ನನ ಕಡೆಯವರೂ ಜ್ವರದಿಂದ ಸಾಯುತ್ತಿದ್ದರು. ಆ ಹವೆಗೆ ಪಕ್ಷಪಾತವಿಲ್ಲ.

ಪತ್ರಗಳ ಚೌಕಾಸಿ ನಡೆದು ಕೊನೆಗೆ 1,00,000 ಪೆಸೊಗೆ ಇತ್ಯರ್ಥವಾಯಿತು. ಅಷ್ಟನ್ನೂ ಪನಾಮಾ ನಗರದಲ್ಲಿ ಸಂಗ್ರಹಿಸಿದರು. ನಾಣ್ಯ, ಬೆಳ್ಳಿಯ ಗಟ್ಟಿಗಳು, ಜೊತೆಗೆ ಮನೆಮನೆಯ ಬೆಳ್ಳಿ ಪಾತ್ರೆಗಳು. ಆಗಸ್ಟ್ ಮೊದಲ ವಾರ ಹೇಸರಗತ್ತೆಗಳ ಸಾಲು ಕಾಡಿನಿಂದ ಇಳಿದು ಪೋರ್ಟೊಬೆಲೊಗೆ ಬಂತು. ಎಂದಿನ ದಾರಿ, ಎಂದಿನ ಹೊರೆ, ಈ ಸಲ ಪಡೆಯುವವನು ಮಾತ್ರ ಬೇರೆ. ದೋಚಿದ್ದೂ ಸೇರಿ ಒಟ್ಟು ಎರಡೂವರೆ ಲಕ್ಷ ಪೆಸೊ ಆಯಿತೆಂದು ಎಕ್ಸ್‌ಕೆಮೆಲಿನ್ ಲೆಕ್ಕ. ಆ ಊರಿನ ಗುಲಾಮರನ್ನೂ ಲೂಟಿಯ ಮಾಲಿನೊಂದಿಗೆ ಹಡಗಿಗೆ ಏರಿಸಿದರು. ಅವರ ಬಿಡುಗಡೆಗೆ ಯಾರೂ ಪತ್ರ ಬರೆಯಲಿಲ್ಲ. ಸ್ಪೇನಿನವರ ಗುಲಾಮ ಇಂಗ್ಲಿಷರ ಗುಲಾಮನಾದ, ಅಷ್ಟೇ ವ್ಯತ್ಯಾಸ. ಅವರಲ್ಲಿ ಒಬ್ಬರ ಹೇಳಿಕೆಯಾದರೂ ಸಿಕ್ಕಿದ್ದರೆ ಈ ಲೇಖನವನ್ನು ಅಲ್ಲಿಂದಲೇ ಶುರುಮಾಡುತ್ತಿದ್ದೆ.

ಪೋರ್ಟ್ ರಾಯಲ್‌ನಲ್ಲಿ ಹಬ್ಬ. ಲಂಡನ್ನಿನಲ್ಲಿ ಸ್ಪೇನಿನ ರಾಯಭಾರಿಯ ಪ್ರತಿಭಟನೆ. ಎರಡು ದೇಶಗಳ ನಡುವೆ ಆಗ ಶಾಂತಿ ಒಪ್ಪಂದ ಜಾರಿಯಲ್ಲಿತ್ತು. ಆದರೂ ಚಾರ್ಲ್ಸ್ ದೊರೆ ಯಾರನ್ನೂ ಶಿಕ್ಷಿಸಲಿಲ್ಲ, ಹಣವನ್ನು ಹಿಂದಿರುಗಿಸಲೂ ಇಲ್ಲ. ಮಾರ್ಗನ್ 1671ರ ಜನವರಿಯಲ್ಲಿ ಪನಾಮಾ ನಗರಕ್ಕೇ ನುಗ್ಗಿದ, ನಗರ ಸುಟ್ಟುಹೋಯಿತು. ಅಷ್ಟು ಹೊತ್ತಿಗೆ ಜಮೈಕಾ ಇಂಗ್ಲಿಷರದೇ ಎಂದು ಸ್ಪೇನ್ ಒಪ್ಪಿಕೊಂಡ 1670ರ ಮ್ಯಾಡ್ರಿಡ್ ಒಪ್ಪಂದ ಆಗಿತ್ತು. ಈ ಸಲ ಮುಖ ಉಳಿಸಿಕೊಳ್ಳಲೇಬೇಕು. ಗವರ್ನರ್ ಮಾಡಿಫೋರ್ಡನನ್ನು ಲಂಡನ್ನಿನ ಟವರ್ ಸೆರೆಮನೆಗೆ ಹಾಕಿದರು. 1672ರಲ್ಲಿ ಮಾರ್ಗನ್ನನನ್ನೂ ಬಂಧಿಸಿ ಒಯ್ದರು. ಆಮೇಲೆ? 1674ರಲ್ಲಿ ಅದೇ ದೊರೆ ಅವನಿಗೆ ‘ಸರ್’ ಪದವಿ ಕೊಟ್ಟು ಜಮೈಕಾದ ಉಪ ಗವರ್ನರನನ್ನಾಗಿ ನೇಮಿಸಿದ. ಕಡಲುಗಳ್ಳರನ್ನು ಹಿಡಿಸಿ ಶಿಕ್ಷಿಸುವುದೂ ಈಗ ಅವನ ಕರ್ತವ್ಯಗಳಲ್ಲಿ ಒಂದು. ಬೇಲಿ ಎದ್ದು ಹೊಲ ಮೇಯುವುದನ್ನು ನಾವು ಕೇಳಿದ್ದೇವೆ. ಹೊಲ ಮೇಯ್ದದ್ದನ್ನೇ ತಂದು ಬೇಲಿ ಹಾಕಿದ್ದು ಇಲ್ಲಿ.

ಇನ್ನೊಂದು ಕಾಗದದ ಕಥೆ ಹೇಳದಿದ್ದರೆ ಅಪೂರ್ಣ. 1684ರಲ್ಲಿ ಎಕ್ಸ್‌ಕೆಮೆಲಿನ್ನನ ಪುಸ್ತಕ ಇಂಗ್ಲಿಷಿಗೆ ಬಂತು, ಇಬ್ಬರು ಪ್ರಕಾಶಕರು ಪೈಪೋಟಿಯಲ್ಲಿ ಅಚ್ಚು ಹಾಕಿದರು. ಸರ್ ಹೆನ್ರಿ ಇಬ್ಬರ ಮೇಲೂ ಮಾನನಷ್ಟದ ಮೊಕದ್ದಮೆ ಹೂಡಿದ. ಗೆದ್ದ. ತಲಾ 200 ಪೌಂಡ್ ಪರಿಹಾರ, ಜೊತೆಗೆ ಅಚ್ಚಿನಲ್ಲಿ ಕ್ಷಮಾಪಣೆ. ಅವನನ್ನು ಬಹಳವಾಗಿ ಕೆರಳಿಸಿದ ಮಾತು ಯಾವುದೆಂದು ಊಹಿಸಬಲ್ಲಿರಾ? ಸನ್ಯಾಸಿನಿಯರ ಹೆಗಲಿಗೆ ಏಣಿ ಹೊರಿಸಿದ ಮಾತಿಗಿಂತ ಹೆಚ್ಚಾಗಿ ಅವನನ್ನು ಚುಚ್ಚಿದ್ದು, ಆತ ಬಡತನದಲ್ಲಿ ಹುಟ್ಟಿ ಜೀತದಾಳಾಗಿ ವೆಸ್ಟ್ ಇಂಡೀಸಿಗೆ ಬಂದವನು ಎಂಬ ಸಾಲು. ತಾನು ಒಳ್ಳೆಯ ಮನೆತನದವನು, ದೊರೆಯ ಹೊರತು ಯಾರ ಆಳೂ ಆಗಿರಲಿಲ್ಲ ಎಂದು ಆತ ಅಚ್ಚು ಹಾಕಿಸಿದ.

1688ರ ಆಗಸ್ಟ್ 25ರಂದು ಜಮೈಕಾದಲ್ಲಿ ತನ್ನ ಹಾಸಿಗೆಯಲ್ಲೇ ಸತ್ತ. ಸರ್ಕಾರಿ ಮರ್ಯಾದೆಯೊಂದಿಗೆ ಹೂಳಿದರು. 1692ರ ಜೂನ್ 7ರ ಭೂಕಂಪದಲ್ಲಿ ಪೋರ್ಟ್ ರಾಯಲ್‌ನ ಬಹುಭಾಗ ಕಡಲಿಗೆ ಕುಸಿಯಿತು. ಅವನ ಸಮಾಧಿಯೂ ಜೊತೆಗೇ ಹೋಯಿತು.

ಪೋರ್ಟೊಬೆಲೊ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯಂತೆ ದುರಸ್ತಿ ನಡೆದವು. 1680ರಲ್ಲಿ ಕಡಲುಗಳ್ಳರು ಮತ್ತೆ ಬಂದರು, ಮತ್ತೆ ಕಾಡಿನ ಕಡೆಯಿಂದಲೇ. 1739ರಲ್ಲಿ ಅಡ್ಮಿರಲ್ ವರ್ನನ್ ಆರು ಹಡಗುಗಳೊಂದಿಗೆ ಬಂದು ಗೆದ್ದು ಕೋಟೆಗಳನ್ನು ಸಿಡಿಸಿದ. ಲಂಡನ್ನಿನ ಪೋರ್ಟೊಬೆಲೊ ರಸ್ತೆಯ ಹೆಸರು ಆ ಗೆಲುವಿನ ನೆನಪು. ಆ ಬಳಿಕ ಬೆಳ್ಳಿ ದಕ್ಷಿಣ ಅಮೆರಿಕದ ತುದಿಯನ್ನು ಸುತ್ತಿ ಹೋಗತೊಡಗಿತು, ಜಾತ್ರೆ ನಿಂತಿತು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಮತ್ತೆ ಕಟ್ಟಿದ ಕೋಟೆಗಳಲ್ಲಿ ಕಾಯಲು ಹೆಚ್ಚೇನೂ ಉಳಿದಿರಲಿಲ್ಲ. ಇಂದು ಅದೊಂದು ಸಣ್ಣ ಊರು. ಕೋಟೆಯ ಅವಶೇಷಗಳನ್ನು ಯುನೆಸ್ಕೊ 1980ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, 2012ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಿತು. ತುಕ್ಕು ಹಿಡಿದ ಫಿರಂಗಿಗಳು ಸಾನ್ ಜೆರೊನಿಮೊದ ಗೋಡೆಯ ಕಂಡಿಗಳಲ್ಲಿ ಈಗಲೂ ಕೊಲ್ಲಿಯ ನೀರನ್ನೇ ನೋಡುತ್ತಿವೆ. ಊರಿನ ಜನರಲ್ಲಿ ಬಹಳಷ್ಟು ಮಂದಿ ಆಫ್ರಿಕಾದಿಂದ ತಂದ ಗುಲಾಮರ ಸಂತತಿಯವರು. ಅಲ್ಲಿಯ ಚರ್ಚಿನಲ್ಲಿ ಕಪ್ಪು ಕ್ರಿಸ್ತನ ಒಂದು ಮರದ ಮೂರ್ತಿಯಿದೆ. ಪ್ರತಿ ವರ್ಷ ಅಕ್ಟೋಬರ್ 21ರಂದು ಅದರ ಉತ್ಸವಕ್ಕೆ ದೂರದೂರದಿಂದ ಜನ ನೇರಳೆ ಬಣ್ಣದ ನಿಲುವಂಗಿ ತೊಟ್ಟು ಕಾಲ್ನಡಿಗೆಯಲ್ಲಿ ಬರುತ್ತಾರೆ. ಹರಕೆ ಹೊತ್ತ ಕೆಲವರು ಕೊನೆಯ ದಾರಿಯನ್ನು ಮೊಣಕಾಲಿನ ಮೇಲೆ ತೆವಳಿ ಮುಗಿಸುತ್ತಾರೆ.